ಅರಿಶಿನಕ್ಕೆ ಮೊದಲು ಹೊಡೆದ ಬಣ್ಣ

ನನ್ನ ಪಾರ್ಲರಿನೊಳಗಿನ ಆ ಕೋಣೆಗೆ ನನಗೆ ಒಟ್ಟು ಅರವತ್ತೆರಡು ಸಾವಿರ ಬಿತ್ತು. ಹೆಚ್ಚಿನದು ಯಂತ್ರಕ್ಕೆ ಮತ್ತು ಬಣ್ಣದ ಬಾಟಲಿಗಳಿಗೆ ಹೋಯಿತು, ಉಳಿದದ್ದು ಪ್ಲೈವುಡ್ಡು, ಬಾಗಿಲು, ದೀಪಕ್ಕೆ. ಕೈಕೂಲಿ ಮಾತ್ರ ಸೊನ್ನೆ. ಕೂಲಿ ಎಷ್ಟು ಎಂದು ಕೇಳಿದಾಗ, ಅದನ್ನು ಕಟ್ಟಿಕೊಟ್ಟ ಪೇಂಟರ್ ಕಾಕಾ ಎರಡೂ ಕೈ ನನ್ನ ಮುಂದೆ ಚಾಚಿದರು. ಒಂದೊಂದು ಉಗುರಿನ ಸಂದಿಯಲ್ಲಿ ಒಂದೊಂದು ಬಣ್ಣ. ಒಂದರಲ್ಲಿ ಟ್ರ್ಯಾಕ್ಟರಿನ ಕೆಂಪು, ಒಂದರಲ್ಲಿ ಆಟೋದ ಹಳದಿ, ಹೆಬ್ಬೆರಳಿನಲ್ಲಿ ಯಾರದೋ ಕಾರಿನ ಬೆಳ್ಳಿ. ಮೂವತ್ತು ವರ್ಷ ಥಿನ್ನರಿನಲ್ಲಿ ತಿಕ್ಕಿ ತಿಕ್ಕಿ ಬೆರಳ ತುದಿಯ ಗೆರೆಗಳೇ ಅಳಿಸಿಹೋಗಿದ್ದವು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಯಂತ್ರ ತಿಂಗಳು ತಿಂಗಳೂ ಅವರನ್ನು ಯಾರೋ ಬೇರೆಯವರೆಂದು ವಾಪಸು ಕಳಿಸುತ್ತಿತ್ತು.

“ಈ ಕೈಗಿ ಏನು ಕೊಡ್ತೀಯವ್ವ? ನಿನ್ನ ಕ್ವಾಣಿಗೆ ಮೊದಲ್ನೇ ಗಿರಾಕಿ ನನ್ನ ಮಗಳು. ಮುಂದ ಆಕಿ ಮದಿವಿ ಕೂಡಿ ಬಂದ್ರ ಆ ಮೂರು ದಿನ ದಾಟಿಸಿ ಕೊಡು. ಅಲ್ಲಿಗೆ ನಂದೂ ನಿಂದೂ ಚುಕ್ತಾ.”

ಮಗಳಿಗೆ ತೊನ್ನು. ಐದನೇ ಕ್ಲಾಸಿನಲ್ಲಿದ್ದಾಗ ಬಲಗೈ ಗೆಣ್ಣಿನ ಮೇಲೆ ಅಕ್ಕಿಕಾಳಿನಷ್ಟು ಬಿಳಿ ಕಾಣಿಸಿಕೊಂಡಿತಂತೆ. ನಾನು ಅವಳನ್ನು ನೋಡುವ ಹೊತ್ತಿಗೆ ಎರಡೂ ಕೈ, ಬಾಯಿಯ ಸುತ್ತ, ಎಡಗಣ್ಣಿನ ರೆಪ್ಪೆಯವರೆಗೂ ಹರಡಿತ್ತು. ತಾಯಿ ತೀರಿಕೊಂಡು ಎಂಟು ವರ್ಷ. ಮನೆಯಲ್ಲಿ ಅಪ್ಪ, ಮಗಳು, ಇಬ್ಬರೇ.

ನಾನು ಕೊಟ್ಟೂರಿನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತೇನೆ. ಹುಬ್ಬು ತೀಡುವ ಒಂದು ದಾರದ ಉಂಡೆಯಿಂದ ಶುರು ಮಾಡಿದವಳು. ಯಾರೂ ಕೈ ಹಿಡಿದು ಮೇಲೆತ್ತಲಿಲ್ಲ, ಹಾಗಾಗಿ ಚೌಕಾಶಿ ಮಾಡದೆ ಒಂದು ಹೇರ್ ಪಿನ್ ಕೂಡ ಕೊಂಡವಳಲ್ಲ. ಅಂಗಡಿಯ ಹಿಂದುಗಡೆ ಗೋಡೆಗೆ ಗೋಡೆ ತಾಗಿಸಿಕೊಂಡು ಕಾಕಾನ ಶೆಡ್ಡು. ಗಾಡಿಗಳ ಡೊಂಕು ತೆಗೆದು ಬಣ್ಣ ಹೊಡೆಯುವ ಜಾಗ. ನಮ್ಮ ಪರಿಚಯ ಆದದ್ದೇ ಜಗಳದಿಂದ. ಅವರ ಪೇಂಟಿನ ವಾಸನೆ ನನ್ನ ಗಿರಾಕಿಗಳ ಫೇಶಿಯಲ್ಲಿಗೆ ಬಂದು ಕೂರುತ್ತಿತ್ತು. ಹೋಗಿ ಬಾಯಿಗೆ ಬಂದಂತೆ ಅಂದೆ. ಅವರು ಮೂಗಿಗೆ ಕಟ್ಟಿದ್ದ ಟವೆಲ್ ಸರಿಸಿ ಪೂರ್ತಿ ಕೇಳಿಸಿಕೊಂಡು, “ಪಾರ್ಲರವ್ವಾ, ನೀನೂ ಬಣ್ಣ ಹೊಡೀತಿ, ನಾನೂ ಬಣ್ಣ ಹೊಡೀತೀನಿ. ನನ್ನ ಗಿರಾಕಿ ಬಾಯಿ ಮಾಡಂಗಿಲ್ಲ, ಅಷ್ಟ ಫರಕು,” ಎಂದರು. ನಗು ಬಂತು. ಮರುದಿನವೇ ಗೋಡೆಯ ಸಂದಿಗೆಲ್ಲ ಸಿಮೆಂಟು ಮೆತ್ತಿಸಿದ್ದರು.

ಅವರ ಕಣ್ಣು ಎಂಥದು ಎಂಬುದು ನನ್ನ ಸ್ಕೂಟಿಯಿಂದ ಗೊತ್ತಾಯಿತು. ಸಂತೆ ದಿನ ಒಂದು ಟಂಟಂ ಗಾಡಿ ಹಿಂದಿನಿಂದ ಗುದ್ದಿ ಎಡಗಡೆ ನೆಗ್ಗಿತ್ತು. ಕಂಪನಿಯ ಕೆಂಪು ಬಣ್ಣದ ಡಬ್ಬಿ ನಾನೇ ತಂದುಕೊಟ್ಟೆ. ಅವರು ಅದನ್ನು ಮುಟ್ಟಲೇ ಇಲ್ಲ. ಸ್ಕೂಟಿಯನ್ನು ಬಿಸಿಲಿಗೆ ಎಳೆದು, ಅರ್ಧ ತಾಸು ಸುತ್ತ ಸುತ್ತಿ ನೋಡಿ, ಒಂದು ಬಟ್ಟಲಲ್ಲಿ ಕೆಂಪಿಗೆ ಚೂರು ಕಂದು, ಚೂರು ಬೂದಿ ಬೆರೆಸಿದರು. “ಅದು ಶೋರೂಮಿನ್ಯಾಗ ಇದ್ದಾಗಿನ ಬಣ್ಣ. ನಾಕು ವರ್ಷ ಬಿಸಲು ತಿಂದೈತಿ ನಿನ್ನ ಗಾಡಿ. ಇವತ್ತಿನ ಬಣ್ಣಕ್ಕ ಹೊಂದಿಸಬೇಕು. ಇಲ್ಲಾಂದ್ರ ಹೊಸಾ ಬಣ್ಣನ ಎದ್ದು ನಿಂತು ಇಲ್ಲಿ ಪೆಟ್ಟಾಗೈತಿ ಅಂತ ಕೂಗಿ ಹೇಳ್ತೈತಿ.” ಗುದ್ದಿದ ಜಾಗ ಇವತ್ತಿಗೂ ನನಗೇ ಸಿಗುವುದಿಲ್ಲ.

ಇನ್ನು ಆ ಯಂತ್ರದ ಕತೆ. ಹುಬ್ಬಳ್ಳಿಯಲ್ಲಿ ಸೌಂದರ್ಯ ಸಾಮಾನುಗಳ ಮೇಳಕ್ಕೆ ಹೋಗಿದ್ದಾಗ ಒಬ್ಬ ವ್ಯಾಪಾರಿಯ ಮೂಲೆಯಲ್ಲಿ ಅದು ಧೂಳು ತಿನ್ನುತ್ತಿತ್ತು. ಮೈಗೆ ಕಂದು ಬಣ್ಣದ ದ್ರವ ಸಿಂಪಡಿಸುವ ಗನ್ನು. ಬಿಸಿಲಿಲ್ಲದ ದೇಶದ ಬಿಳಿಯರು ಕಂದಾಗಿ ಕಾಣಲು ದುಡ್ಡು ಕೊಟ್ಟು ಹೊಡೆಸಿಕೊಳ್ಳುತ್ತಾರಂತೆ. ನಮ್ಮ ಕಡೆ ಹೊಲದಲ್ಲಿ ಪುಕ್ಕಟೆ ಸಿಗುವ ಬಣ್ಣ. ನನ್ನಲ್ಲಿಗೆ ಬರುವವರೆಲ್ಲ ಬೆಳ್ಳಗಾಗಲು ಬರುವವರು, ಕಪ್ಪಾಗಲು ಯಾರು ಬರುತ್ತಾರೆ? ಎರಡು ವರ್ಷದಿಂದ ಅದು ಮಾರಾಟವಾಗಿಲ್ಲ ಎಂದು ವ್ಯಾಪಾರಿಯ ಮುಖವೇ ಹೇಳುತ್ತಿತ್ತು. ಅಷ್ಟರಲ್ಲಿ ನನ್ನ ಕಣ್ಣ ಮುಂದೆ ಕಾಕಾನ ಮಗಳ ಕೈ ಬಂತು. ಬಿಳಿ ಇದ್ದಲ್ಲಿ ಮಾತ್ರ ಕಂದು ಹೊಡೆದರೆ? ಹೇಳಿದ ಬೆಲೆಯ ಅರ್ಧಕ್ಕೆ ತಂದೆ. ಹೊಸಪೇಟೆಯ ಚರ್ಮದ ಡಾಕ್ಟರರಿಗೆ ಬಾಟಲಿ ತೋರಿಸಿದೆ. ಮೇಲ್ಮೈಗೆ ಮಾತ್ರ ಬಳಸಿದರೆ ತೊಂದರೆಯಿಲ್ಲ, ಮೊದಲು ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ ಎರಡು ದಿನ ಕಾದು ನೋಡಿ, ರೋಗ ವಾಸಿ ಮಾಡುವ ಮದ್ದಲ್ಲ ಇದು, ಎಂದರು.

ಕೋಣೆ ಕಟ್ಟಿದ್ದು ಕಾಕಾ. ಐದು ಅಡಿಗೆ ಆರು ಅಡಿ, ಪಾರ್ಲರಿನ ಹಿಂದಿನ ಮೂಲೆಯಲ್ಲಿ. ಬಾಗಿಲು ಬೀದಿಗೂ ಕಾಣಬಾರದು, ಕನ್ನಡಿಗೂ ಬೀಳಬಾರದು ಎಂದು ಅಡ್ಡಗೋಡೆಯನ್ನು ಎರಡು ಸಲ ಕಿತ್ತು ಕಟ್ಟಿದರು. ನಾನು ಹಳದಿ ದೀಪ ತಂದಿದ್ದೆ, ಚಂದ ಕಾಣುತ್ತದೆ ಎಂದು. ಅದನ್ನು ನನ್ನ ಕೈಗೇ ವಾಪಸು ಕೊಟ್ಟು ಬಿಸಿಲಿನಂಥ ಬಿಳಿ ದೀಪ ತರಿಸಿದರು. “ಈ ಬೆಳಕಿನ್ಯಾಗ ಹೊಂದಿಸಿದ್ದು ಈ ಬೆಳಕಿನ್ಯಾಗ ಅಷ್ಟ ಹೊಂದ್ತೈತಿ.” ಗಾಳಿ ಎಳೆಯುವ ಫ್ಯಾನಿನ ವಿಷಯಕ್ಕಂತೂ ದೊಡ್ಡ ವಾದವೇ ನಡೆಯಿತು. ಅಡುಗೆಮನೆಯ ಸಣ್ಣ ಫ್ಯಾನು ಸಾಕು ಎಂದು ನಾನು. ಅವರು ಒಂದು ಸಲ ಕೆಮ್ಮಿದರು. ಬೇಕೆಂದೇ ಕೆಮ್ಮಿದರು, ಆದರೆ ಶುರುವಾದದ್ದು ನಿಲ್ಲಲಿಲ್ಲ. ಗೋಡೆ ಹಿಡಿದು ಬಗ್ಗಿಬಿಟ್ಟರು. ನೆಟ್ಟಗಾದ ಮೇಲೆ ಕಣ್ಣೊರೆಸಿಕೊಂಡು, “ಧೂಳು ಕುಂದರಬಾರ್ದು ಅಂತ ತಾಡಪತ್ರಿ ಮುಚ್ಚಿಗೊಂಡು ಒಳಗ ಹೊಡದೆ ನಾನು. ಗಾಡಿ ಮ್ಯಾಲ ಧೂಳು ಕುಂದರಲಿಲ್ಲ, ಬಣ್ಣ ನನ್ನ ಎದಿಯಾಗ ಕುಂತತಿ. ದೊಡ್ಡ ಫ್ಯಾನು ತರಸು,” ಎಂದರು. ತರಿಸಿದೆ.

ಮೊದಲ ಸಲ ಮಗಳ ಬಲಗೈಗೆ ಹೊಡೆದದ್ದು ಮದುವೆ ಮಾತು ಇನ್ನೂ ಪಕ್ಕಾ ಆಗಿರದಿದ್ದಾಗ. ಆ ದ್ರವ ಹಚ್ಚಿದ ಕೂಡಲೇ ಬಣ್ಣ ಕೊಡುವುದಿಲ್ಲ. ಹೆಚ್ಚಿಟ್ಟ ಬದನೆಕಾಯಿ ಕಂದಾಗುವ ಹಾಗೆ ಚರ್ಮದ ಮೇಲ್ಪದರ ನಿಧಾನಕ್ಕೆ ತಿರುಗುತ್ತದೆ. ಎಂಟು ತಾಸು ನೀರು ತಾಗಬಾರದು, ಎಣ್ಣೆ ತಾಗಬಾರದು, ತಿಕ್ಕಬಾರದು. ಆಮೇಲೆ ಐದಾರು ದಿನ ನಿಲ್ಲುತ್ತದೆ. ಮರುದಿನ ಕಾಕಾ ಮಗಳ ಕೈ ಹಿಡಿದು ಅಂಗಡಿ ಮುಂದಿನ ಬಿಸಿಲಿಗೆ ಕರೆದುಕೊಂಡು ಹೋಗಿ, ಸ್ಕೂಟಿ ನೋಡಿದ ಹಾಗೆಯೇ ತಿರುಗಿಸಿ ತಿರುಗಿಸಿ ನೋಡಿದರು. “ಚೂರು ಕೆಂಪು ಹೆಚ್ಚಾತು,” ಎಂದರು. ಮಗಳು ಅಪ್ಪನ ಮಾತು ಕೇಳಿಸಿಕೊಳ್ಳಲಿಲ್ಲ. ತನ್ನ ಕೈಯನ್ನೇ ನೋಡುತ್ತ, “ನಾಕನೇತ್ತಿನ್ಯಾಗ ಹಿಂಗ ಇತ್ತಕ್ಕ ನನ್ನ ಕೈ,” ಎಂದಳು.

ಗಂಡು ಹಲವಾಗಲು ಕಡೆಯ ಹಳ್ಳಿಯವನು. ಕಾಕಾ ಏನನ್ನೂ ಮುಚ್ಚಿಡಲಿಲ್ಲ. ಗಂಡಿನ ತಾಯಿಯನ್ನು ನನ್ನ ಪಾರ್ಲರಿಗೇ ಕರೆಸಿ, ಮಗಳ ತೋಳು ಮೇಲೇರಿಸಿ, ಬಣ್ಣವಿಲ್ಲದ ಕೈಯನ್ನೇ ತೋರಿಸಿದರು. ಆ ಹೆಂಗಸು ನನ್ನ ಸೋಫಾ ಮೇಲೆ ಕೂತು, ನಾನು ತರಿಸಿಕೊಟ್ಟ ಚಾ ಕುಡಿಯುತ್ತ, ನನ್ನ ಎದುರಿಗೇ ಹೇಳಿದ್ದು ಇದು: “ನಮ್ಗೆ ಗೊತ್ತೈತೆ, ಇರ್ಲಿ ಬಿಡ್ರಿ. ಹುಡುಗ ಒಪ್ಯಾನೆ. ಅಂಟೋ ಜಡ್ಡಲ್ಲ ಅಂತ ಡಾಕ್ಟ್ರು ಹೇಳ್ಯಾರೆ. ಆದ್ರೆ ನಮ್ ಬೀಗರು ಬಿಜ್ಜರು, ಊರ ಮಂದಿ ಕಣ್ಣಿಗೆ ಮದುವ್ಯಾಗೆ ಬೀಳಬಾರ್ದು ನೋಡ್ರಿ. ಮೂರು ದಿನ. ಆಮ್ಯಾಲೆ ಮನ್ಯಾಗಿರೋ ಸೊಸೆನ ಯಾರು ಹಣಿಕಿ ನೋಡ್ತಾರೆ?”

ಕಾಕಾ ಕೈ ಮುಗಿದರು. ನಾನು, ಎಲ್ಲದಕ್ಕೂ ಬಾಯಿ ಹಾಕುವವಳು, “ಮೂರಲ್ಲರಿ, ಆರು ದಿನ ನಿಲ್ಲಸ್ತೀನಿ,” ಎಂದುಬಿಟ್ಟೆ. ಅವಳ ಮದುವೆ ಅಂದಿನಿಂದ ನನ್ನ ಬಣ್ಣದ ಮೇಲೆ ನಿಂತಿತು.

ಈಗ ನನ್ನ ತಪ್ಪು ಹೇಳುತ್ತೇನೆ. ಪಾರ್ಲರಿನವರು ಎಲ್ಲವನ್ನೂ ಮುಹೂರ್ತದಿಂದ ಹಿಂದಕ್ಕೆ ಎಣಿಸುತ್ತೇವೆ. ಮುಹೂರ್ತ ಇಷ್ಟಕ್ಕೆ ಅಂದರೆ ಮೇಕಪ್ಪು ಇಷ್ಟಕ್ಕೆ, ಕೂದಲು ಇಷ್ಟಕ್ಕೆ. ಮುಹೂರ್ತ ನಾಳೆ ಬೆಳಿಗ್ಗೆ, ಆದ್ದರಿಂದ ಬಣ್ಣ ಇವತ್ತು ಬೆಳಿಗ್ಗೆ. ತಾಜಾ ಇರುತ್ತದೆ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಹತ್ತು ಗಂಟೆಗೆ ಹೊಡೆದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ಯಾವ ಕೆಲಸವನ್ನೂ ಮಾಡಿಲ್ಲ. ಮೇಕಪ್ಪಿನ ಪೆಟ್ಟಿಗೆ ಹಿಡಿದು ಹೆಣ್ಣಿನ ಕಡೆಯವರ ಟೆಂಪೋದಲ್ಲೇ ನಾನೂ ಹೊರಟೆ. ಮಧ್ಯಾಹ್ನ ಗಂಡಿನ ಮನೆ ಮುಟ್ಟಿದೆವು.

ಸುರಗಿ ನೀರು ಮಾತ್ರ ನನ್ನ ತಲೆಗೆ ಬಂದಿರಲಿಲ್ಲ. ಮದುವೆಯ ಹಿಂದಿನ ದಿನ ಚಪ್ಪರದಡಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಗಂಡು ಹೆಣ್ಣನ್ನು ಕೂರಿಸಿ, ಎಣ್ಣೆ ಅರಿಶಿನ ತಿಕ್ಕಿ ನೀರು ಹಾಕುವುದು. ನನಗೂ ಹಾಕಿದ್ದರು, ನನ್ನ ತಂಗಿಯರಿಗೂ ಹಾಕಿದ್ದರು. ಅಷ್ಟಾದರೂ ನೆನಪಾಗಲಿಲ್ಲ. ಕಾಕಾನಿಗೂ ಹೊಳೆಯಲಿಲ್ಲ, ಗಂಡಸರು ಆ ಹೊತ್ತಿಗೆ ಊಟದ ಪಾತ್ರೆ ಹೊರುತ್ತಿರುತ್ತಾರೆ. ಕಾಕಾನ ಮನೆಯಲ್ಲಿ ಒಬ್ಬ ಹಿರಿಯ ಹೆಂಗಸಿದ್ದಿದ್ದರೆ ನನಗೆ ಹೇಳುತ್ತಿದ್ದಳು. ಮಗಳಿಗೆ ಗೊತ್ತಿತ್ತು. ಆಮೇಲೆ ಅವಳೇ ಹೇಳಿದಳು: “ನಿಮಗ ಎಲ್ಲಾ ಗೊತ್ತಿರ್ತೈತಿ ಅಂತ ಸುಮ್ಮನಿದ್ದೆ.”

ಒಳಗೆ ಪೆಟ್ಟಿಗೆ ಬಿಚ್ಚಿ ಜೋಡಿಸುತ್ತಿದ್ದೆ. ಹೊರಗೆ ಸೋಬಾನೆ ಪದ ಶುರುವಾಯಿತು. ಆಗ ಹೊಳೆಯಿತು, ಇವತ್ತು ಸುರಗಿ ನೀರು. ಓಡಿ ಬರುವಷ್ಟರಲ್ಲಿ ಐವರು ಮುತ್ತೈದೆಯರು ಅವಳ ಸುತ್ತ ಕೂತಿದ್ದರು.

“ಮುಖಕ್ಕ ಹಚ್ಚಬ್ಯಾಡ್ರಿ! ಕೈಗೂ ಬ್ಯಾಡ್ರಿ!” ಎಂದೆ.

ಗಂಡಿನ ಅತ್ತೆಯೊಬ್ಬಾಕೆ ಅಂಗೈ ತುಂಬ ಅರಿಶಿನ ಹಿಡಿದು ನಕ್ಕಳು. “ಕೇಳ್ರೆವ್ವಾ, ಪಾರ್ಲರ್‌ದಾಕೆ ಅರಿಶಿನ ಬ್ಯಾಡ ಅಂತಾಳೆ! ಇನ್ನೊಂದೀಟು ಬಿಟ್ರೆ ತಾಳಿನೂ ಬ್ಯಾಡ, ಪೌಡ್ರು ಸಾಕು ಅಂದಾಳು!”

ಎಲ್ಲರೂ ನಕ್ಕರು. ನಗುತ್ತಲೇ ತಿಕ್ಕಿದರು. ಎಣ್ಣೆ, ಅರಿಶಿನ, ಕಡಲೆಹಿಟ್ಟು. ಹೊಡೆದು ಆರು ತಾಸೂ ಆಗದ ಬಣ್ಣ. ಮೊದಲ ತಂಬಿಗೆ ನೀರು ಬಿದ್ದಾಗ ಹಳದಿಯ ಜೊತೆಗೆ ಕಂದು ಇಳಿಯಿತು. ಕೆನ್ನೆಯ ಮೇಲೆ ಗೆರೆ ಗೆರೆಯಾಗಿ ಬಿಳಿ ಕಾಣಿಸಿತು. ತಿಕ್ಕುತ್ತಿದ್ದಾಕೆ ತನ್ನ ಅಂಗೈ ನೋಡಿಕೊಂಡು, ಸೆರಗಿಗೆ ಒರೆಸಿಕೊಂಡು, ಒರೆಸಿಕೊಂಡ ಸೆರಗನ್ನೂ ದೂರ ಹಿಡಿದಳು. “ಅಯ್ಯಯ್ಯೋ, ತೊನ್ನು!”

ಪದ ನಿಂತಿತು. ಎಲ್ಲರೂ ಗಂಡಿನ ತಾಯಿಯ ಕಡೆ ತಿರುಗಿದರು. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನನ್ನ ಸೋಫಾ ಮೇಲೆ ಕೂತು ಚಾ ಕುಡಿದ ಹೆಂಗಸು. ಒಂದು ಕ್ಷಣ ಆಕೆಯ ಬಾಯಿ ಅಲುಗಿತು, ನಿಜ ಹೇಳುತ್ತಾಳೆ ಅಂದುಕೊಂಡೆ. ಆಮೇಲೆ ಸುತ್ತ ಇದ್ದ ಮುಖಗಳನ್ನು ನೋಡಿದಳು.

“ನಮ್ಗೊಂದ್ ಮಾತೂ ಹೇಳ್ಲಿಲ್ಲಲ್ರೀ. ಬಣ್ಣ ಬಳ್ದು ತಂದಾರಲ್ರೀ ನಮ್ ಮನೆಗೆ,” ಎಂದಳು.

ಕಾಕಾ ಗಲಾಟೆ ಕೇಳಿ ಹಿಂದಿನಿಂದ ಬಂದು ಚಪ್ಪರದ ಕಂಬದ ಹತ್ತಿರ ನಿಂತಿದ್ದರು. ಹೆಗಲ ಮೇಲೆ ಹೊಸ ಟವೆಲ್ಲು. ಆಕೆಯನ್ನು ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ನನ್ನನ್ನು ನೋಡಿದರು. ಎಷ್ಟು ಹೊತ್ತು ನೋಡಿದರೋ.

ನಾನು ಬಾಯಿ ಬಿಡಲಿಲ್ಲ. “ಏನಮ್ಮಾ, ನನ್ನ ಅಂಗಡ್ಯಾಗ ಕುಂತು ಕೈ ನೋಡಿ ಒಪ್ಪಿದ್ದಿಲ್ಲೇನು?” ಎಂಬ ಒಂದು ಮಾತು ಸಾಕಿತ್ತು. ಸಂತೆಯಲ್ಲಿ ಎರಡು ರೂಪಾಯಿಗೆ ಊರು ಒಂದು ಮಾಡುವವಳು ಅಂದು ಅದನ್ನು ನುಂಗಿಕೊಂಡೆ. ಬಣ್ಣ ಬಿಟ್ಟದ್ದು ನನ್ನ ತಪ್ಪಿನಿಂದ ಎಂಬ ಭಯ ಒಂದು. ಇನ್ನೊಂದನ್ನೂ ಹೇಳಿಯೇ ಬಿಡುತ್ತೇನೆ. ಆ ಕಡೆಯ ನಾಲ್ಕು ಹಳ್ಳಿಯ ಮದುವೆಗಳಿಗೆ ನಾನು ಆ ವರ್ಷ ಮೇಕಪ್ಪಿಗೆ ಒಪ್ಪಿಕೊಂಡಿದ್ದೆ. ಅದು ತಲೆಯಲ್ಲಿ ಬಂತು. ಬಂದದ್ದು ಬಂತು.

ಗಂಡು ತಾಯಿಯ ಮುಖ ನೋಡಿ ಎದ್ದ. ಏಳುವಾಗ ಕಾಲಿಗೆ ಸಿಕ್ಕಿ ನೂಲು ಹರಿಯಿತು. ಮಗಳು ಕೂತಲ್ಲೇ ಇದ್ದಳು. ಆಮೇಲೆ ಉಳಿದಿದ್ದ ಒಂದು ತಂಬಿಗೆ ನೀರನ್ನು ತಾನೇ ತೆಗೆದುಕೊಂಡು ಮುಖಕ್ಕೆ ಸುರುವಿಕೊಂಡು, ಅರಿಶಿನ, ನನ್ನ ಬಣ್ಣ ಎರಡನ್ನೂ ಉಜ್ಜಿ ಉಜ್ಜಿ ತೊಳೆದು, ಒದ್ದೆ ಸೀರೆಯಲ್ಲೇ ನಡೆದು ಹೋಗಿ ಟೆಂಪೋದಲ್ಲಿ ಕೂತಳು.

ಟೆಂಪೋ ಹರಪನಹಳ್ಳಿ ದಾಟಿತು. ಆಮೇಲೆ ಕಾಕಾ ಕೇಳಿದರು:

“ಎಷ್ಟೊತ್ತಿಗೆ ಹೊಡದಿದ್ದಿ?”

“ಹತ್ತಕ್ಕ, ಕಾಕಾ.”

“ಒಣಗಾಕ ಬಿಡಲಿಲ್ಲವ್ವ ನಾವು.”

ನಾವು ಎಂದರು. ನೀನು ಎನ್ನಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ಹಗುರಾಗುತ್ತಿದ್ದೆ.

ಮರುದಿನವೇ ಕಾಕಾ ಶೆಡ್ಡಿನ ಬಾಗಿಲು ತೆಗೆದರು. ಮದುವೆಗೆಂದು ಮೂರು ದಿನ ಶೆಡ್ಡಿಗೆ ರಜೆ ಎಂದು ತಿಳಿದಿದ್ದ ಗಾಡಿಗಳವರು ಏನಾಯಿತು ಎಂದು ಕೇಳಿದರೆ, “ಬಣ್ಣದ ಕೋಟು ಹಿಡೀಲಿಲ್ಲ,” ಎನ್ನುತ್ತಿದ್ದರಂತೆ. ನನ್ನ ಮೇಲೆ ಸಿಟ್ಟು ಮಾಡಲಿಲ್ಲ, ನನ್ನ ಫ್ಯಾನು ಗರಗರ ಅಂದರೆ ಬಂದು ಎಣ್ಣೆ ಬಿಟ್ಟು ಹೋಗುತ್ತಿದ್ದರು. ಚಾ ಕೊಟ್ಟರೆ ಕುಡಿಯುತ್ತಿದ್ದರು, ಆದರೆ ಸೋಫಾ ಮೇಲೆ ಕೂರುತ್ತಿರಲಿಲ್ಲ. ಆ ಮಳೆಗಾಲದಲ್ಲಿ ಕೆಮ್ಮು ಏರಿತು. ಮೊದಲು ಮೆಟ್ಟಿಲು ಹತ್ತಲು ನಿಂತು ನಿಂತು ಹೋದರು, ಆಮೇಲೆ ಗನ್ನು ಹಿಡಿದ ಕೈ ನಡುಗಿತು, ಕೊನೆಗೆ ದಾವಣಗೆರೆಯ ಆಸ್ಪತ್ರೆಯಲ್ಲಿ ಮೂಗಿಗೆ ನಳಿಗೆ ಹಾಕಿದರು. ಎದೆಯ ಚಿತ್ರ ತೋರಿಸಿ ಡಾಕ್ಟರರು, ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಮಗಳನ್ನು ಕೇಳಿದರಂತೆ. ಕೇಳುವ ಮೊದಲೇ ಅವರಿಗೆ ಗೊತ್ತಿತ್ತೆಂದು ಕಾಣುತ್ತದೆ.

ನೋಡಲು ಹೋದೆ. ಮಗಳು ಔಷಧಿ ತರಲು ಕೆಳಗೆ ಹೋದಾಗ, ಅಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿದೆ. “ಅವತ್ತು ನಾನು ಬಾಯಿ ಬಿಡಬೇಕಿತ್ತೇನು ಕಾಕಾ?” ಬಿಡವ್ವ, ಆಗಿದ್ದು ಆತು, ಎನ್ನುತ್ತಾರೆ ಎಂದುಕೊಂಡಿದ್ದೆ. ಅದನ್ನು ಕೇಳಲಿಕ್ಕೇ ಹೋಗಿದ್ದೆ ಎಂದರೂ ಸುಳ್ಳಲ್ಲ.

ಅವರು ಉಸಿರು ಕೂಡಿಸಿಕೊಂಡರು. “ಹೇಳಬೇಕಿತ್ತವ್ವ ನೀನು. ನಾ ಹೆಣ್ಣಿನ ಅಪ್ಪ. ನಾ ಹೇಳಿದ್ರ ಯಾರು ನಂಬ್ತಿದ್ರು? ಅದಕ್ಕ ನಿನ್ನ ಕಡೆ ನೋಡಿದೆ.”

ಅಷ್ಟೇ. ಮಗಳು ಬಂದಳು. ನಾನು ತಂದಿದ್ದ ಮೋಸಂಬಿ ಸುಲಿದು ಕೊಟ್ಟಳು, ಒಂದು ತೊಳೆ ತಿಂದರು. ಹನ್ನೊಂದನೇ ದಿನ ತೀರಿಕೊಂಡರು.

ಮಣ್ಣು ಕೊಟ್ಟು ಬಂದ ಮೇಲೆ ನಾನು ಆ ಹಳ್ಳಿಗೆ ಹೋದೆ. ಮೇಕಪ್ಪಿನ ಪೆಟ್ಟಿಗೆ ಇಲ್ಲದೆ ಆ ಕಡೆ ಹೋದದ್ದು ಅದೇ ಮೊದಲು. ಗಂಡಿನ ಮನೆಯ ಅಂಗಳದಲ್ಲಿ ನಾಲ್ಕು ಹೆಂಗಸರು ಜೋಳ ಹಸನು ಮಾಡುತ್ತಿದ್ದರು. ತಾಯಿಯೂ ಇದ್ದಳು. ನಡೆದದ್ದನ್ನು ಎಲ್ಲರೆದುರು ಹೇಳಿದೆ. ಆಕೆ ತಲೆ ಎತ್ತಲಿಲ್ಲ. ಪಕ್ಕದಲ್ಲಿದ್ದಾಕೆ ಮೊರವನ್ನು ಒಂದು ಸಲ ನಿಲ್ಲಿಸಿ, “ಹೌದೇನು? ಈಗ್ಯಾಕವ್ವ ಅದು, ಅವನ ಮದುವೆ ಆಗಿ ಸೊಸೆ ಬಸುರಿ ಅದಾಳೆ,” ಎಂದು ಮತ್ತೆ ಕೇರಿದಳು. ಹೊಟ್ಟು ನನ್ನ ಕಾಲಿನ ಮೇಲೆ ಬಿತ್ತು.

ಮಗಳು ಈಗ ಹಗರಿಬೊಮ್ಮನಹಳ್ಳಿಯ ಒಂದು ಮೆಡಿಕಲ್ ಅಂಗಡಿಯಲ್ಲಿದ್ದಾಳೆ. ಅರ್ಧ ತೋಳಿನ ಕುಪ್ಪಸ ಹಾಕಿಕೊಂಡು, ಬಿಳಿಯ ಕೈಯಲ್ಲೇ ಮಾತ್ರೆ ಎಣಿಸಿ ಕೊಡುತ್ತಾಳೆ. ಹೋದರೆ ಮಾತಾಡುತ್ತಾಳೆ, ಬೇಕಾದಷ್ಟೇ. ನನ್ನ ಕೋಣೆಗೆ ಮತ್ತೆ ಕಾಲಿಟ್ಟಿಲ್ಲ. ಬೇರೆಯವರು ಬರುತ್ತಾರೆ. ಕೂಡ್ಲಿಗಿಯಿಂದ, ಹಡಗಲಿಯಿಂದ, ಮುಖಕ್ಕೆ ಸೆರಗು ಮುಚ್ಚಿಕೊಂಡು, ಮಧ್ಯಾಹ್ನ ಪೇಟೆ ಖಾಲಿ ಇರುವಾಗ. ಅವರಿಗೆ ಒಳ್ಳೆಯ ಬೆಳಕಿದೆ, ಒಳ್ಳೆಯ ಗಾಳಿಯಿದೆ. ಎರಡನ್ನೂ ಕೊಟ್ಟವರು ಯಾರು ಎಂದು ಅವರಿಗೆ ಗೊತ್ತಿಲ್ಲ.

ನೀವು ಯಾರಾದರೂ ಇಂಥ ಕೋಣೆ ಮಾಡುವವರಿದ್ದರೆ ಕೇಳಿ. ಯಂತ್ರದಲ್ಲಿ ಉಳಿಸಿ, ಫ್ಯಾನಿನಲ್ಲಿ ಉಳಿಸಬೇಡಿ. ಹೊಡೆಯುವವರೂ ಹೊಡೆಸಿಕೊಳ್ಳುವವರೂ ಮೂಗು ಮುಚ್ಚಿಕೊಳ್ಳಲಿ, ಟವೆಲ್ಲಿನಿಂದಲ್ಲ, ಮಾಸ್ಕಿನಿಂದ. ಗೆಣ್ಣು, ಮೊಣಕೈಗೆ ಮೊದಲು ಚೂರು ವ್ಯಾಸಲೀನ್ ಸವರಿ, ಇಲ್ಲದಿದ್ದರೆ ಅಲ್ಲಿ ಚರ್ಮ ಬಣ್ಣ ಹೆಚ್ಚು ಕುಡಿಯುತ್ತದೆ. ಬಣ್ಣ ಹೊಂದಿತೋ ಇಲ್ಲವೋ ಎಂದು ಬಿಸಿಲಿನಲ್ಲಿ ನೋಡಿ. ಮದುವೆಯ ಹೆಣ್ಣು ಬಂದರೆ ಮುಹೂರ್ತ ಕೇಳಬೇಡಿ, ಅರಿಶಿನ ಯಾವಾಗ, ಎಷ್ಟು ಸಲ, ಕೊನೆಯ ನೀರು ಯಾವ ಹೊತ್ತಿಗೆ ಎಂದು ಕೇಳಿ. ಅದು ಮುಗಿದ ಮೇಲೆ, ಮೈ ಪೂರ್ತಿ ಒಣಗಿದ ಮೇಲೆ, ಎಂಟು ತಾಸು ಕೈಯಲ್ಲಿದ್ದರೆ ಮಾತ್ರ ಹೊಡೆಯಿರಿ. ಹೆಂಗಸರಿಲ್ಲದ ಮನೆಯಾದರೆ ನೀವೇ ಹೋಗಿ ಯಾರಾದರೂ ಹಿರಿಯ ಮುತ್ತೈದೆಯನ್ನು ವಿಚಾರಿಸಿ ಬನ್ನಿ, ಒಂದು ಬಸ್ ಚಾರ್ಜು ಹೋದರೆ ಹೋಗಲಿ.

ಮತ್ತೆ, “ನಮಗೆ ಗೊತ್ತಿರಲಿ, ಮಂದಿಗೆ ಗೊತ್ತಾಗಬಾರದು” ಎಂದು ಗಂಡಿನ ಕಡೆಯವರು ನಿಮ್ಮ ಅಂಗಡಿಯಲ್ಲಿ ಕೂತು ಹೇಳಿದರೆ ಆ ಕೆಲಸ ಹಿಡಿಯಬೇಡಿ, ಎಷ್ಟೇ ಕೊಡಲಿ. ಹಿಡಿದಿರೋ, ಚಪ್ಪರದಡಿ ಎಲ್ಲರ ಎದುರು ಎದ್ದು ನಿಂತು ಹೇಳುವುದಕ್ಕೂ ತಯಾರಾಗಿಯೇ ಹಿಡಿಯಿರಿ. ಅಲ್ಲೇ, ಆ ಹೊತ್ತಿಗೇ ಹೇಳಿ.